ಬೆಟ್ಟದಪುರದ ಜರ್ಮನ್

ಒಬ್ಬ ಮನುಷ್ಯನ ದೇಶವನ್ನು ನಾನು ಬದಲಾಯಿಸಬೇಕಿತ್ತು, ಬದಲಾಯಿಸಲಿಲ್ಲ. ಕೇಳಿದರೆ ದಿವಾನರು ಮಾಡುವಂಥ ದೊಡ್ಡ ಕೆಲಸದ ಹಾಗಿದೆ ಅಲ್ಲವೇ? ಹಾಗೇನೂ ಅಲ್ಲ. ಆಗ ನನಗೆ ಹದಿಮೂರು ವರ್ಷ. ಒಲೆಯ ಮುಂದೆ ಕೂತಿದ್ದವಳು "ಆಗಲಿ ಕಣೋ, ಮಾವನ್ನ ಇಟಲಿ ಮಾಡು" ಎಂದು ನನ್ನ ತಮ್ಮನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅದರಿಂದ ನನಗೆ ಬೇಡವಾಗಿದ್ದ ಮದುವೆ ನಿಂತಿತು, ತಮ್ಮನಿಗೆ ಬೇಕಾಗಿದ್ದ ಓದೂ ನಿಂತಿತು. ಎರಡೂ ಒಂದೇ ದಿನ, ಒಂದೇ ಬಾಯಿಯ ಮಾತಿನಿಂದ. ಅವತ್ತಿನಿಂದ ಮೊನ್ನೆಮೊನ್ನೆಯವರೆಗೆ ನಾನು ಅವನಿಗೆ ತುಪ್ಪ ಬಡಿಸುತ್ತಾ ಬಂದಿದ್ದೆನೇ ಹೊರತು ತಪ್ಪಾಯಿತು ಎಂದಿರಲಿಲ್ಲ.

ಇದೆಲ್ಲ ನೆನಪಾದದ್ದು ಮೊನ್ನೆ, ಅಕ್ಕಿ ಆರಿಸುವಾಗ. ನನ್ನ ಕಿರಿಯ ಮಗಳು ಕಮಲ ಜಗಲಿಯಲ್ಲಿ ಕಾಲು ಚಾಚಿಕೊಂಡು ಇಂಗ್ಲಿಷ್ ಪಾಠ ಉರು ಹೊಡೆಯುತ್ತಿದ್ದಳು. "ಹಿ ಈಸ್ ಎ ಫ್ರೆಂಚ್‌ಮನ್. ಹಿ ಈಸ್ ಎ ರಷ್ಯನ್." ಪುಸ್ತಕದಲ್ಲಿ ಒಂದೊಂದು ದೇಶದವನ ಒಂದೊಂದು ಚಿತ್ರ. ಈಗ ಮತ್ತೆ ಯುದ್ಧ ನಡೆಯುತ್ತಿದೆಯಲ್ಲ, ಅವಳ ಕ್ಲಾಸಿನ ಮಕ್ಕಳು ಜರ್ಮನಿಯವನ ತಲೆಗೆ ಮಸಿಯಲ್ಲಿ ಎರಡು ಕೊಂಬು ಬರೆದಿದ್ದಾರೆ. "ಹಿ ಈಸ್ ಎ ಜರ್ಮನ್" ಎಂದು ಅವಳು ಕೂಗಿದ ಕೂಡಲೇ ನನ್ನ ಕೈ ಮೊರದ ಮೇಲೆ ನಿಂತಿತು. ಆಮೇಲೆ ಎಷ್ಟು ಕಲ್ಲು ಬಿಟ್ಟೆನೋ! ಊಟಕ್ಕೆ ಕೂತ ಯಜಮಾನರು ದವಡೆ ಹಿಡಿದುಕೊಂಡು, "ಇದೇನೇ ಇವತ್ತು, ಕಲ್ಲಿನ ಮಧ್ಯೆ ಅಕ್ಕಿ?" ಎಂದರು.

"ಎಲ್ಲಾ ಆ ಜರ್ಮನಿಯವನಿಂದ" ಎಂದೆ.

ಯುದ್ಧದ ಕಾಲದ ಕೆಟ್ಟ ಅಕ್ಕಿಯ ಮಾತು ಎಂದುಕೊಂಡು ಅವರು ತಲೆಯಾಡಿಸಿದರು. ನಾನು ಹೇಳಿದ ಜರ್ಮನಿಯವನು ಬೆಟ್ಟದಪುರದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ನಮ್ಮ ಸೋದರಮಾವ ಚನ್ನಪ್ಪ.

ನಮ್ಮ ತವರು ಹುಣಸೂರು. ಅಪ್ಪನಿಗೆ ಮೂರು ಜೊತೆ ಎತ್ತು, ಮೂರು ಗಾಡಿ. ಹೆಗ್ಗಡದೇವನಕೋಟೆ ಕಡೆಯ ಕಾಡಿನಿಂದ ಮರ ತಂದು ಹುಣಸೂರಿನಲ್ಲಿ ಇಳಿಸುವುದು ಅವರ ಕಸುಬು. ನಾನು ಮೂರನೇ ಕ್ಲಾಸಿನವರೆಗೆ ಓದಿದೆ. ಅಷ್ಟರಲ್ಲಿ ತಮ್ಮ ಸಿದ್ದ ಸ್ಕೂಲಿಗೆ ಹೋಗುವ ಹಾಗಾದ. ಮನೆಯಲ್ಲಿ ಇದ್ದದ್ದು ಒಂದೇ ಸ್ಲೇಟು. ಅದು ನನ್ನ ಕೈಯಿಂದ ಅವನ ಕೈಗೆ ಹೋಯಿತು, ಅವನ ಕೈಯಲ್ಲಿದ್ದ ಕರುವಿನ ಹಗ್ಗ ನನ್ನ ಕೈಗೆ ಬಂತು. ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ, ಕರುವಿಗೂ.

ಸಿದ್ದ ಇಂಗ್ಲಿಷ್ ಹೇಳಿಕೊಡುವ ಸ್ಕೂಲಿಗೆ ಸೇರಿದ. ಅಲ್ಲಿನ ಮೇಷ್ಟ್ರು ಒಂದು ದೊಡ್ಡ ಪಟ ತೂಗುಹಾಕಿ, ಕೋಲಿನಿಂದ ಒಂದೊಂದು ಗೊಂಬೆ ತೋರಿಸಿ, "ಹೂ ಈಸ್ ಹಿ?" ಎನ್ನಬೇಕು, ಹುಡುಗರು ಎದ್ದು ನಿಂತು ಅವನು ಯಾವ ದೇಶದವನು ಎಂದು ಹೇಳಬೇಕು. ಪಾಠ ಒಳ್ಳೆಯದೇ. ತೊಂದರೆ ಏನೆಂದರೆ ಪಟವನ್ನು ಗೆದ್ದಲು ಮೇಷ್ಟ್ರಿಗಿಂತ ಮೊದಲೇ ಓದಿ ಮುಗಿಸಿತ್ತು. ರಷ್ಯಾದವನಿಗೆ ತಲೆ ಇರಲಿಲ್ಲ. ಚೀನಾದವನ ಜಡೆ ಮಾತ್ರ ಉಳಿದಿತ್ತು. ಜರ್ಮನಿಯವನದಂತೂ ಎರಡು ಬೂಟು, ಅಷ್ಟೇ. ಬೂಟು ನೋಡಿ ದೇಶ ಹೇಳಲು ಬರಿಗಾಲಿನ ಹುಡುಗರಿಗೆ ಹೇಗೆ ಸಾಧ್ಯ? ಸಿದ್ದ ದಿನಾ ಅಂಗೈ ಊದಿಸಿಕೊಂಡು ಬರುತ್ತಿದ್ದ.

ಅವನು ಜಗಲಿಯಲ್ಲಿ ಕೂತು ಅಳುತ್ತಾ ಉರು ಹೊಡೆಯುತ್ತಿದ್ದರೆ ನಾನು ಒಳಗೆ ರಾಗಿ ಬೀಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಬೀಸುವ ಕಲ್ಲು ಒಳ್ಳೆಯ ಮೇಷ್ಟ್ರು. ಒಂದು ಸುತ್ತಿಗೆ ಒಂದು ದೇಶ. ಎರಡು ಸೇರು ರಾಗಿ ಮುಗಿಯುವಷ್ಟರಲ್ಲಿ ನನಗೆ ಪಟದ ಎಂಟು ದೇಶವೂ ಬಾಯಿಗೆ ಬಂದಿದ್ದವು, ಅವನಿಗೆ ಎರಡೂ ಬಂದಿರಲಿಲ್ಲ.

"ಪಟದ ಗೊಂಬೆ ಮರ್ತುಬುಡು ಕಣೋ" ಎಂದೆ. "ನಮ್ಮೋರ‍್ನೇ ಒಬ್ಬೊಬ್ಬರನ್ನ ಒಂದೊಂದು ದೇಶ ಮಾಡ್ಕೊ. ಮುಖ ನೆನೆಸ್ಕೊಂಡ್ರೆ ಹೆಸರು ತಾನಾಗೇ ಬತ್ತದೆ."

ನಮ್ಮ ಬೀದಿಯಲ್ಲಿ ಹುಟ್ಟಿದ ಹೆಸರಿನಿಂದ ಕರೆಸಿಕೊಳ್ಳುವವರು ಯಾರೂ ಇರಲಿಲ್ಲ. ಎಲ್ಲರಿಗೂ ಒಂದು ಅಡ್ಡಹೆಸರು. ಅದರ ಜೊತೆಗೆ ಇನ್ನೊಂದು ಎಂದು ನಾನು ದೇಶ ಹಂಚಲು ಕೂತೆ. ಅಜ್ಜಿ ಬೇಸಿಗೆಯಲ್ಲೂ ಕಂಬಳಿ ಹೊದೆಯುತ್ತಿದ್ದಳು, ಅವಳು ರಷ್ಯನ್. ಅಪ್ಪ ಕೂತ ಕಡೆಯಿಂದಲೇ ಹುಕುಂ ಮಾಡುತ್ತಿದ್ದರು, ಬೇರೆ ಮಾತೇ ಇಲ್ಲ, ಇಂಗ್ಲಿಷ್. ತಾಲ್ಲೂಕು ಕಚೇರಿಯ ದಫೇದಾರನ ಮೀಸೆಯ ತುದಿ ಎರಡೂ ಆಕಾಶ ನೋಡುತ್ತಿದ್ದವು, ಅವನು ಫ್ರೆಂಚ್. ಎದುರುಮನೆಯ ಹುಸೇನ್ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಅವರ ಕೈಯಲ್ಲಿ ಬೆಳಗಿದ ಪಾತ್ರೆ ಪಿಂಗಾಣಿಯ ಹಾಗೆ ಹೊಳೆಯುತ್ತಿದ್ದುದರಿಂದ ಅವರನ್ನು ಚೀನಾಕ್ಕೆ ಕಳಿಸಿದೆ. ಅವರಿಗೆ ಈ ಆಟ ಗೊತ್ತಾಗಿ ಬಹಳ ಖುಷಿ. ತಿದಿ ಒತ್ತುತ್ತಾ, "ಏನ್ ಬೇಟಿ, ನಾನು ಇನ್ನೂ ಚೀನಾದಲ್ಲೇ ಇದ್ದೀನಾ, ಊರಿಗೆ ಬಂದ್ನಾ?" ಎಂದು ಕೇಳುವರು.

ಇನ್ನು ಜರ್ಮನ್. ಜರ್ಮನಿಯವರು ಎಲ್ಲವನ್ನೂ ಅಚ್ಚುಕಟ್ಟಾಗಿ, ಗೆರೆ ಹೊಡೆದ ಹಾಗೆ ಮಾಡುತ್ತಾರೆ ಎಂದು ಮೇಷ್ಟ್ರು ಹೇಳಿದ್ದರಂತೆ. ನನಗೆ ತಟ್ಟನೆ ಚನ್ನಪ್ಪ ಮಾವ ಹೊಳೆದ. ಅವ್ವನ ತಮ್ಮ. ಕೆಂಪಗೆ, ಬೆಕ್ಕಿನ ಕಣ್ಣು. ಉತ್ತರೀಯವನ್ನು ಎಂಟು ಮಡಿಕೆ ಮಾಡಿ ಹೆಗಲಿಗೆ ಹಾಕುವನು, ಒಂಬತ್ತೂ ಅಲ್ಲ ಏಳೂ ಅಲ್ಲ. ಮನೆಗೆ ಬಂದರೆ ಮೊದಲು ಬಾಗಿಲಲ್ಲಿದ್ದ ಎಲ್ಲರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸುವನು. ನಾನು ಇಟ್ಟ ರಂಗೋಲಿಯ ಮುಂದೆ ನಿಂತು, "ಈ ಚುಕ್ಕಿ ಸಾಲು ಬಿಟ್ಟದೆ ಕಣಮ್ಮಿ, ಅಳಿಸಿ ಇನ್ನೊಂದಪ ಇಡು" ಎನ್ನುವನು. ನಾನು ಅಳಿಸಿ ಇಡುವೆ. ಒಳಗೆ ಹಲ್ಲು ಕಡಿಯುವೆ.

ಹೀಗೆ ಎಂಟರಲ್ಲಿ ಏಳು ದೇಶ ನಮ್ಮವರಲ್ಲೇ ನೆಲೆಸಿದವು. ಇಟಲಿಗೆ ಮಾತ್ರ ಯಾರೂ ಸಿಗದೆ ಅದು ಖಾಲಿ ಉಳಿಯಿತು. ಸಿದ್ದ ಈಗ ಕಣ್ಣು ಮುಚ್ಚಿ ಹೇಳುವ ಹಾಗಾದ. ಮೇಷ್ಟ್ರು ರಷ್ಯಾದವನ ತಲೆಯಿಲ್ಲದ ಜಾಗಕ್ಕೆ ಕೋಲು ಇಟ್ಟರೆ ಇವನು ಅಲ್ಲಿ ಅಜ್ಜಿಯ ಮುಖ ಇಟ್ಟು ಫಟ್ಟನೆ ಉತ್ತರ ಕೊಡುತ್ತಿದ್ದ. ಮೇಷ್ಟ್ರು ಬೆನ್ನು ತಟ್ಟಿದರಂತೆ. ಮನೆಗೆ ಓಡಿ ಬಂದು, "ಅಕ್ಕ, ನೀನೇ ನಮ್ ಮೇಷ್ಟ್ರಾಗಿದ್ರೆ ಇಡೀ ಕ್ಲಾಸು ಪಾಸು" ಎಂದ. ಯಾರಾದರೂ ನನ್ನನ್ನು ಹಾಗೆ ಹೊಗಳಿದ್ದು ಅದೇ ಮೊದಲು. ಅವತ್ತು ಅವನ ಮುದ್ದೆಗೆ ನನ್ನ ಪಾಲಿನ ಬೆಣ್ಣೆಯೂ ಹೋಯಿತು.

ಅಷ್ಟರಲ್ಲಿ ಯುದ್ಧ ಬಂತು, ಹಿಂದಿನ ಯುದ್ಧ. ನಮ್ಮ ಮಹಾರಾಜರು ಇಂಗ್ಲಿಷರ ಕಡೆ, ಆದ್ದರಿಂದ ನಾವೂ ಇಂಗ್ಲಿಷರ ಕಡೆ. ಅಪ್ಪ ಹೇಗೂ ಮೊದಲೇ ಇಂಗ್ಲಿಷ್. ಕೊಡಗಿನಲ್ಲೂ ಆಚೆಗೂ ಇದ್ದ ಜರ್ಮನಿಯವರನ್ನೆಲ್ಲ ಹಿಡಿದು ಕೂರಿಸುತ್ತಿದ್ದಾರಂತೆ, ಒಬ್ಬ ತಪ್ಪಿಸಿಕೊಂಡು ಹುಣಸೂರು ದಾರಿ ಹಿಡಿದಿದ್ದಾನಂತೆ ಎಂದು ಸುದ್ದಿ ಹಬ್ಬಿತು. ಹೆಂಗಸರು ಹೊತ್ತು ಮುಳುಗುವ ಮೊದಲೇ ಕೋಳಿ ಮುಚ್ಚಿದರು. ಅವನು ಕೋಳಿಗಾಗಿ ಅಷ್ಟು ದೂರದಿಂದ ಬಂದಿದ್ದಾನೆ ಎಂದು ಯಾರು ಹೇಳಿದ್ದೋ ತಿಳಿಯದು.

ಆ ವಾರದಲ್ಲೇ ಅವ್ವ ನನ್ನ ತಲೆ ಬಾಚುತ್ತಾ ಹೇಳಿದಳು: "ಚನ್ನಪ್ಪ ನಿನ್ನ ಮಾಡ್ಕೊತೀನಿ ಅಂದವ್ನೆ ಕಣವ್ವ. ಹೊರಗ್ಲೋರ ಮನೆಗೆ ಯಾಕೆ ಕೊಡಾದು? ಸಿದ್ದನ್ನೂ ಮೈಸೂರಲ್ಲಿ ನಮ್ ಚಿಕ್ಕಪ್ಪನ ಮನೇಲಿಟ್ಟು ದೊಡ್ಡ ಇಸ್ಕೂಲು ಓದಿಸ್ತಾನಂತೆ. ಎರಡೂ ಕಣ್ಣು ತಂಪಾಯ್ತವೆ ನಂಗೆ."

ನನಗೆ ಹದಿಮೂರು, ಮಾವನಿಗೆ ಇಪ್ಪತ್ತೆಂಟು. ಸೋದರಮಾವನನ್ನು ಮದುವೆಯಾಗುವುದು ನಮ್ಮಲ್ಲಿ ಹೊಸದಲ್ಲ. ಮಾವ ಕೆಟ್ಟವನೂ ಅಲ್ಲ. ಆದರೆ ನನ್ನ ಕಣ್ಣಿಗೆ ಕಂಡದ್ದು ಬೆಟ್ಟದಪುರದ ಆ ಅಂಗಳ, ಅದರಲ್ಲಿ ದಿನಾ ಬೆಳಿಗ್ಗೆ ಸಾಲು ಬಿಟ್ಟ ಚುಕ್ಕಿ ಅಳಿಸಿ ಇಡುತ್ತಿರುವ ನಾನು, ನೆರೆಗೂದಲು ಬರುವವರೆಗೆ. ಬೇಡ ಎನ್ನಲು ನನ್ನನ್ನು ಯಾರು ಕೇಳಿದರು?

ಮಾರನೆಯ ದಿನ ಸಿದ್ದ ಒಲೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಮುಖ ಸಣ್ಣದಾಗಿತ್ತು.

"ಅಕ್ಕ, ಜರ್ಮನೋರು ಈಗ ಕೆಟ್ಟೋರಂತೆ. ಮಾವನ್ನ ಬದಲಾಯಿಸುಮ. ಇಟಲಿ ಖಾಲಿ ಅದೆ."

"ಬ್ಯಾಡ" ಎಂದೆ.

"ಯಾಕಕ್ಕ? ಇಟಲಿನೂ ದೇಶಾನೇ."

"ಒಂದಪ ಕೊಟ್ಟ ದೇಶ ವಾಪಸು ತಕ್ಕೊಳಾಕಿಲ್ಲ. ಮಾವ ಜರ್ಮನ್ನೇ. ಹೇಳು, ಗಟ್ಟಿಯಾಗಿ ಹೇಳು."

ಇಪ್ಪತ್ತು ಸಲ ಹೇಳಿಸಿದೆ. ಹೇಳಿಸುವಾಗ ಒಲೆಯೊಳಗೆ ಸೌದೆ ತಳ್ಳುತ್ತಾ ನಗುತ್ತಿದ್ದೆ. ಮಾವನ ಮೇಲೆ ನನಗಿದ್ದ ಸಿಟ್ಟಿಗೆ ಸಿಕ್ಕ ಆಯುಧ ಅದೊಂದೇ, ಅದನ್ನು ತಮ್ಮನ ಬಾಯಲ್ಲಿ ಇಟ್ಟೆ. ಏನಾಗಬಹುದೆಂದು ಯೋಚಿಸಿದೆನೇ? ಇಲ್ಲ. ಯೋಚಿಸಿದ್ದರೆ ಮೂವತ್ತು ಸಲ ಹೇಳಿಸುತ್ತಿದ್ದೆನೋ ಏನೋ, ಅಷ್ಟು ತುಂಟತನ ಇತ್ತು.

ಒಂದು ವಾರಕ್ಕೆ ಮಾವ ಹೊಗೆಸೊಪ್ಪಿನ ಗಾಡಿ ಹೊಡೆದುಕೊಂಡು ಹುಣಸೂರಿಗೆ ಬಂದ. ಜ್ವರ ಬಂದು ಎದ್ದಿದ್ದರಿಂದ ತಲೆ ಕೂದಲನ್ನು ಸಣ್ಣಗೆ ಕತ್ತರಿಸಿದ್ದರು. ಚಳಿಗೆಂದು ಒಂದು ಕೋಟು ತೊಟ್ಟಿದ್ದ, ಮಡಿಕೇರಿಯಲ್ಲಿ ಯಾವನೋ ತೋಟದ ದೊರೆಯ ಸಾಮಾನು ಹರಾಜಾದಾಗ ಹಿಡಿದದ್ದು. ಬೆಳಿಗ್ಗೆ ಸಿದ್ದನ ಕೈ ಹಿಡಿದುಕೊಂಡು ಪೇಟೆಗೆ ಹೊರಟ. ಮುಂದಿನದನ್ನು ನಾನು ನೋಡಲಿಲ್ಲ, ಸಿದ್ದ ಹೇಳಿದ್ದು.

ದೊರೆಗಳು ತಂಗುವ ಬಂಗಲೆಯ ಮುಂದೆ, ಕೊಡಗಿಗೆ ಹೊರಟಿದ್ದ ಒಬ್ಬ ಮಿಲಿಟರಿ ದೊರೆ ಕುರ್ಚಿ ಹಾಕಿಕೊಂಡು ಚಾ ಕುಡಿಯುತ್ತಿದ್ದ. ಪಕ್ಕದಲ್ಲಿ ನಮ್ಮ ದಫೇದಾರ ನಿಂತಿದ್ದ. ಸಿದ್ದ ಬೇಲಿಯ ಹತ್ತಿರ ನಿಂತು ಸಲಾಮು ಹೊಡೆದು, "ಗುಡ್ ಮಾರ್ನಿಂಗ್ ಸಾರ್" ಎಂದ. ದೊರೆಗೆ ನಗು ಬಂತು. ಇಷ್ಟು ಗಿಡ್ಡ ಹುಡುಗ ಇಂಗ್ಲಿಷ್ ಮಾತಾಡುತ್ತಾನಲ್ಲ ಎಂದು ಹತ್ತಿರ ಕರೆದು, ಹಿಂದೆ ನಿಂತಿದ್ದ ಮಾವನ ಕಡೆ ಚಾ ಚಮಚ ತೋರಿಸಿ, "ಹೂ ಈಸ್ ಹಿ?" ಎಂದ.

ದೇವರೇ, ಆ ಚಮಚ ದಫೇದಾರನ ಕಡೆ ತಿರುಗಿದ್ದರೆ! "ಫ್ರೆಂಚ್‌ಮನ್" ಎಂಬ ಉತ್ತರ ಬರುತ್ತಿತ್ತು, ದೊರೆಗೆ ಇದು ಮಕ್ಕಳಾಟ ಎಂದು ತಿಳಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು. ಅದು ಮಾವನ ಕಡೆಗೇ ತಿರುಗಿತು.

"ಹಿ ಈಸ್ ಎ ಜರ್ಮನ್, ಸಾರ್!" ಎಂದ ಸಿದ್ದ, ನಾನು ಹೇಳಿಕೊಟ್ಟಷ್ಟೇ ಗಟ್ಟಿಯಾಗಿ.

ದೊರೆಯ ಚಾ ಲೋಟ ತುಟಿಯ ಹತ್ತಿರವೇ ನಿಂತಿತು. ಕೆಂಪು ಮೈ, ಬೆಕ್ಕಿನ ಕಣ್ಣು, ಸಣ್ಣ ಕ್ರಾಪು, ಬಿಳಿಯರ ಕೋಟು. ಎದ್ದು ಬಂದು ಮಾವನ ಮುಖಕ್ಕೆ ಮುಖ ಕೊಟ್ಟು ಇಂಗ್ಲಿಷಿನಲ್ಲಿ, ನೀನು ಜರ್ಮನಿಯವನೋ ಎಂದು ಕೇಳಿದ. ಮಾವನಿಗೆ ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಎರಡೇ ಮಾತು. ದೊರೆ ಏನು ಕೇಳಿದರೂ ಅದನ್ನೇ ಹೇಳಬೇಕೆಂದು ಅವನ ಅಪ್ಪ ಕಲಿಸಿದ್ದ. ನೆಟ್ಟಗೆ ನಿಂತು, "ಯೆಸ್ ಸಾರ್" ಎಂದ.

ಮಾವನನ್ನು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕೂರಿಸಿದರು. ಅಮಲ್ದಾರರು ಬಂದು ವಿಚಾರಣೆ ಮಾಡಬೇಕು ಎಂದು ಹುಕುಂ ಕೊಟ್ಟು ದೊರೆ ಕುದುರೆ ಹತ್ತಿ ಹೋದ. ಅಮಲ್ದಾರರು ಹೆಗ್ಗಡದೇವನಕೋಟೆಗೆ ಹೋಗಿದ್ದರು. ಅಪ್ಪ ಓಡಿದರು, ಹುಸೇನ್ ಸಾಬರು ಕಲಾಯಿ ಒಲೆ ಬಿಟ್ಟು ಓಡಿದರು. "ನಮ್ಮ ಚನ್ನಪ್ಪ ಕಣ್ರೀ, ಇವರ ಭಾಮೈದ!" ಎಂದರೆ ದಫೇದಾರ ಮೀಸೆ ತಿರುವುತ್ತಾ, "ಇರಬೌದು ಸಾಬರೇ. ಆದ್ರೆ ಇವರೇ ದೊರೆ ಮುಂದೆ ಒಪ್ಕೊಂಡವ್ರಲ್ಲ" ಎಂದ. ಮಾವ ಅಪ್ಪಟ ಕನ್ನಡದಲ್ಲಿ ಗೋಳಾಡಿದರೆ ಅದೂ ತಿರುಗುಬಾಣವಾಯಿತು. ಜರ್ಮನಿಯ ಪಾದ್ರಿಗಳು ನಮಗಿಂತ ಚೆನ್ನಾಗಿ ಕನ್ನಡ ಮಾತಾಡುವುದನ್ನು ಕಚೇರಿಯ ಗುಮಾಸ್ತರೊಬ್ಬರು ಕಂಡಿದ್ದರಂತೆ. ಮಾವ ಕನ್ನಡ ಆಡಿದಷ್ಟೂ ಅನುಮಾನ ಬೆಳೆಯಿತು. ಬಿಳಿಯನೇ ಆಗಿದ್ದರೆ ಉಪವಾಸ ಕೆಡವಿದ ತಪ್ಪು ಬೇಡವೆಂದು ಬಂಗಲೆಯಿಂದ ರೊಟ್ಟಿ, ಬೇಯಿಸಿದ ಮೊಟ್ಟೆ ತಂದಿಟ್ಟರು. ಮಾವ ಆ ಮೊಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟನೇ ಹೊರತು ಮುಟ್ಟಲಿಲ್ಲ.

ಹೊತ್ತು ಇಳಿಯುವಾಗ ಅವ್ವ ಮುದ್ದೆ, ಹುರುಳಿಸಾರು ಕಟ್ಟಿ ನನ್ನ ಕೈಗೆ ಕೊಟ್ಟಳು. ನಾನು ಹೋದಾಗ ಅಮಲ್ದಾರರು ಆಗತಾನೆ ಬಂದು ಕೂತಿದ್ದರು.

"ನಿಮ್ಮ ದೇಶ ಯಾವುದು?" ಎಂದು ಕೇಳುತ್ತಿದ್ದರು.

"ಬೆಟ್ಟದಪುರ, ಸ್ವಾಮಿ."

"ಊರಲ್ಲ ಕಣ್ರೀ, ದೇಶ."

"ಅದೇ ನಮ್ ದೇಸ ಸ್ವಾಮಿ. ಅದರಾಚೆ ಕೊಡಗು. ಅದು ನಮ್ದಲ್ಲ."

ಅಮಲ್ದಾರರು ಹಣೆ ಒತ್ತಿಕೊಂಡರು. ಮೂಲೆಯಲ್ಲಿ ಸಿದ್ದ ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವನನ್ನು ಕರೆದು, ಬೈಯದೆ, ಮೆತ್ತಗೇ ಕೇಳಿದರು: "ಇವರು ಜರ್ಮನ್ ಅಂತ ನಿನಗೆ ಯಾರಪ್ಪ ಹೇಳಿಕೊಟ್ಟೋರು?"

ಸಿದ್ದ ನನ್ನನ್ನು ನೋಡಿದ. ನಾನು ಮುದ್ದೆಯನ್ನು ನೋಡಿದೆ. ಬಟ್ಟೆಯ ಗಂಟಿನೊಳಗಿಂದ ಅದರ ಹಬೆ ಬರುತ್ತಿತ್ತು. ಅಷ್ಟು ಹೊತ್ತು, ಅಷ್ಟು ಗಮನ ಕೊಟ್ಟು ನಾನು ಯಾವ ಮುದ್ದೆಯನ್ನೂ ನೋಡಿಲ್ಲ.

"ಯಾರೂ ಇಲ್ಲ ಸಾರ್" ಎಂದ ಸಿದ್ದ. "ನಾನೇ ಅನ್ಕೊಂಡೆ."

ಹಸಿದಿದ್ದ ಮಾವ ಗಂಟು ಬಿಚ್ಚಿ, ಮುದ್ದೆ ಮುರಿದು ಸಾರಿಗೆ ಅದ್ದಿ, ಒಂದೊಂದು ತುತ್ತನ್ನೂ ಹಲ್ಲಿಗೆ ತಗಲಿಸದೆ ಗುಳುಂ ಗುಳುಂ ಎಂದು ಇಳಿಸಿದ. ಅಮಲ್ದಾರರು ಪೆನ್ನು ಹಿಡಿದವರು ಹಾಗೇ ನೋಡುತ್ತಾ ಕೂತರು. ಕೊನೆಯ ತುತ್ತು ಗಂಟಲಿಳಿದ ಮೇಲೆ ಗುಮಾಸ್ತರ ಕಡೆ ತಿರುಗಿ, "ಯಾವ ಪಾದ್ರಿಗೂ ಇದು ಸಾಧ್ಯವಿಲ್ಲ ಕಣ್ರೀ. ಬರೆದುಕೊಳ್ಳಿ" ಎಂದರು. ಗುಮಾಸ್ತರು ಬರೆದುಕೊಂಡದ್ದನ್ನು ಹುಸೇನ್ ಸಾಬರು ಸಾಯುವವರೆಗೂ ಬೀದಿಗೆಲ್ಲ ಹೇಳಿ ನಗಿಸುತ್ತಿದ್ದರು: ಸದರಿ ಆಸಾಮಿಯು ರಾಗಿ ಮುದ್ದೆಯನ್ನು ಅಗಿಯದೆ ನುಂಗಿದ್ದರಿಂದ ಈ ಸೀಮೆಯವನೇ ಎಂದು ಖಾತ್ರಿಯಾಗಿರುತ್ತದೆ.

ಮನೆಗೆ ಬಂದ ಮಾವ ಕೂಗಾಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಒಂದು ಅತ್ತ ಒಂದು ಇತ್ತ ಬಿಟ್ಟ. ಉತ್ತರೀಯವನ್ನು ಮಡಿಸದೆ ಹೆಗಲಿಗೆ ಎಸೆದುಕೊಂಡ.

"ಅಕ್ಕಯ್ಯ, ನಿನ್ ಮಗಳೂ ಬ್ಯಾಡ, ನಿನ್ ಮಗನ ಓದೂ ಬ್ಯಾಡ. ಇಷ್ಟು ಇಂಗ್ಲೀಸಿಗೇ ನನ್ನ ಕಚೇರೀಲಿ ಕೂರಿಸ್ದ. ಮೈಸೂರಿಗೋಗಿ ಪೂರ್ತಿ ಕಲ್ತು ಬಂದ್ರೆ ಗಲ್ಲಿಗೇ ಹಾಕಿಸ್ತಾನೆ."

ಮರುದಿನ ಅಪ್ಪ ಸಿದ್ದನ ಪುಸ್ತಕಗಳನ್ನು ಅಟ್ಟದ ಮೇಲಿಟ್ಟು ಬಾರುಕೋಲನ್ನು ಅವನ ಕೈಗೆ ಕೊಟ್ಟರು. ನಾನು ಅತ್ತೆ. ಮದುವೆ ತಪ್ಪಿತೆಂದು ಅಳುತ್ತಿದ್ದಾಳೆ ಎಂದುಕೊಂಡು ಅವ್ವ ತಲೆ ಸವರಿದಳು. ಅದಕ್ಕೂ ನಾನು ಬಾಯಿ ಬಿಡದೆ ತಲೆ ಒಡ್ಡಿದೆ.

ಮಾವ ಗಾವಡಗೆರೆಯ ಹೆಣ್ಣು ತಂದು ಸುಖವಾಗಿದ್ದ. ಸಿಟ್ಟು ಇಳಿದ ಮೇಲೆ ಅವನಿಗೇ ಆ ಹೆಸರಿನ ಮೇಲೆ ಹೆಮ್ಮೆ ಬಂದು, ಎಲ್ಲಿ ಹೋದರೂ "ನಾನು ಜರ್ಮನ್ ಚನ್ನಪ್ಪ" ಎಂದೇ ಹೇಳಿಕೊಳ್ಳುತ್ತಿದ್ದ. ನನ್ನನ್ನು ಎಡತೊರೆಗೆ ಕೊಟ್ಟರು, ಈಗ ಕೃಷ್ಣರಾಜನಗರ ಎನ್ನುತ್ತಾರೆ. ಯಜಮಾನರು ಪೇಪರು ಓದಿ ನನಗೂ ಓದಿಸಿದರು. ಇಷ್ಟು ಬರೆಯುವ ಹಾಗಾದದ್ದು ಅದರಿಂದ. ನನ್ನ ರಂಗೋಲಿಯ ಚುಕ್ಕಿ ಇವತ್ತಿಗೂ ಸಾಲು ಬಿಟ್ಟೇ ಇರುತ್ತದೆ, ಕೇಳುವವರಿಲ್ಲ.

ಸಿದ್ದ ಮಾತ್ರ ಕಾಡಿನಿಂದ ಮರದ ಗಾಡಿ ಹೊಡೆಯುತ್ತಾ ಉಳಿದ. ದಾರಿಯ ಮೈಲಿಕಲ್ಲಿನ ಇಂಗ್ಲಿಷ್ ಅಕ್ಷರಗಳನ್ನು ಎತ್ತುಗಳಿಗೆ ಓದಿ ಹೇಳುತ್ತಾನಂತೆ. ಅವನು ಬಂದಾಗಲೆಲ್ಲ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ, ಬಾಯಿ ತೆರೆದರೆ "ಇನ್ನೊಂದು ಚಮಚ ತುಪ್ಪ ಹಾಕ್ಲಾ?" ಎಂದೇ ಬರುತ್ತಿತ್ತು. ಇಪ್ಪತ್ತೇಳು ವರ್ಷದ ತುಪ್ಪದಲ್ಲಿ ಅವನು ದಪ್ಪವಾಗಬೇಕಿತ್ತು, ಅದೂ ಆಗಿಲ್ಲ.

ಮೊರದಲ್ಲಿ ಕಲ್ಲು ಬಿಟ್ಟೆನಲ್ಲ, ಅದರ ಮಾರನೆಯ ದಿನವೇ ಅವನು ಬಂದ. ಬೇವಿನ ಮರದ ಕೆಳಗೆ ಗಾಡಿ ಬಿಟ್ಟು, "ಸುಮ್ಕೆ ನಿಂತ್ಕಳ್ಲಾ ರಷ್ಯಾ, ಜಪಾನ್ ನೋಡು ಎಷ್ಟು ಗುಣವಂತ" ಎಂದು ಎತ್ತುಗಳಿಗೆ ಬುದ್ಧಿ ಹೇಳಿ ಜಗಲಿಗೆ ಬಂದು ಕೂತ. ಕಮಲ ಪುಸ್ತಕ ಹಿಡಿದುಕೊಂಡು ಅದೇ ಪಾಠದಲ್ಲಿ ತಡವರಿಸುತ್ತಿದ್ದಳು.

"ಪುಸ್ತಕ ಮುಚ್ಚು ಕಣವ್ವ" ಎಂದ ಅವಳ ಮಾವ ಸಿದ್ದ. "ಗೊಂಬೆ ನೋಡಬ್ಯಾಡ. ರಷ್ಯನ್ ಅಂದ್ರೆ ಕಂಬಳಿ ಹೊದ್ದಿರೋ ನಮ್ಮಜ್ಜಿ. ಇಂಗ್ಲಿಷ್ ಅಂದ್ರೆ ನಿಮ್ ತಾತ. ಫ್ರೆಂಚ್ ಅಂದ್ರೆ ಮೀಸೆ ದಫೇದಾರ. ಚೈನೀಸ್ ನಮ್ ಹುಸೇನ್ ಸಾಬರು."

ಒಂದೂ ತಪ್ಪಿಲ್ಲ. ಸತ್ತುಹೋದವರೆಲ್ಲ ಒಬ್ಬೊಬ್ಬರಾಗಿ ಜಗಲಿಗೆ ಬಂದು ಕೂತ ಹಾಗಾಯಿತು. ನಾನು ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಮಾವ, ಜರ್ಮನ್?" ಎಂದಳು ಕಮಲ.

ಸಿದ್ದ ನನ್ನನ್ನು ನೋಡಿದ. ಆಮೇಲೆ ಎತ್ತುಗಳ ಕಡೆ ತಿರುಗಿ, "ಅದೊಂದು ಮರ್ತೋಗದೆ ಕಣವ್ವ" ಎಂದ.

ಈ ಸಲ ನೋಡಲು ನನ್ನ ಮುಂದೆ ಮುದ್ದೆ ಇರಲಿಲ್ಲ. ಗಿಂಡಿಯನ್ನು ಕೆಳಗಿಟ್ಟೆ.

"ಸಿದ್ದ, ನಿಂಗೆ ಮರ್ತಿಲ್ಲ. ಜರ್ಮನ್ ನಮ್ ಚನ್ನಪ್ಪ ಮಾವ. ಇಟಲಿ ಮಾಡುಮ ಅಂತ ನೀನಂದೆ, ಬ್ಯಾಡ ಅಂದೋಳು ನಾನು. ಆ ಮದುವೆ ನಂಗೆ ಬೇಕಿರ‍್ಲಿಲ್ಲ, ಅದಕ್ಕೆ. ಕಚೇರೀಲಿ ನೀನು ನನ್ ಮುಖ ನೋಡ್ದೆ, ನಾನು ಬಾಯಿ ಬಿಡ್ಲಿಲ್ಲ. ನಿನ್ನ ಓದು ಕಳೆದೋಳು ನಾನು ಕಣಪ್ಪ. ತಪ್ಪಾಯ್ತು."